ಎಲೆ ಎಷ್ಟು ಹೇಳಿದ್ರಿ? ಡೇಟಾ ಸೆಂಟರ್ ಮತ್ತು ಪಕ್ಕದ ಮನೆಯ ಕರೆಂಟ್ ಬಿಲ್

ಮದುವೆ ಅಡುಗೆಯವರು ಮೊದಲು ಕೇಳುವುದು ಮೆನು ಅಲ್ಲ. "ಎಲೆ ಎಷ್ಟು?" ಅಂತ. ಐನೂರು ಎಲೆ ಅಂದರೆ ಐನೂರಕ್ಕೆ ಅಕ್ಕಿ, ಬೇಳೆ, ಬಡಿಸುವ ಹುಡುಗರು ಎಲ್ಲ ಹೊಂದಿಸಿಕೊಳ್ಳುತ್ತಾರೆ. ಊಟದ ದಿನ ಮುನ್ನೂರೇ ಜನ ಬಂದರೆ? ದುಡ್ಡು ಐನೂರು ಎಲೆಗೇ. ಅದರಲ್ಲಿ ಯಾರದೂ ತಕರಾರಿಲ್ಲ. ಹೇಳಿದವರು ನೀವು, ಕೊಡುವವರೂ ನೀವು. ಅದು ಬಿಟ್ಟು, ಉಳಿದ ಇನ್ನೂರು ಎಲೆಯ ದುಡ್ಡನ್ನು ಛತ್ರದ ಪಕ್ಕದ ಬೀದಿಯ ಮನೆಗಳಿಂದ ವಸೂಲಿ ಮಾಡಿದರೆ ಹೇಗಿರುತ್ತೆ?

ಅಮೆರಿಕದಲ್ಲಿ ಡೇಟಾ ಸೆಂಟರ್‌ಗಳ, ಅಂದರೆ ಇಂಟರ್ನೆಟ್ ಮತ್ತು ಎಐ ನಡೆಸುವ ಸರ್ವರ್‌ಗಳನ್ನು ತುಂಬಿಟ್ಟ ಕಟ್ಟಡಗಳ ಸುತ್ತ ಈಗ ನಡೆಯುತ್ತಿರುವ ಜಗಳ ಹೆಚ್ಚುಕಡಿಮೆ ಇದೇ.

ಜಗಳದ ಮೂಲ ಊರು ವರ್ಜೀನಿಯಾದ ಲೌಡನ್ ಕೌಂಟಿ. ಆಶ್‌ಬರ್ನ್, ಸ್ಟರ್ಲಿಂಗ್ ಅಂದರೆ ಅಲ್ಲಿ ನೆಂಟರಿರುವ ಕನ್ನಡದವರಿಗೆ ಥಟ್ಟನೆ ಗೊತ್ತಾಗುತ್ತೆ. ಐಟಿ ಕೆಲಸಕ್ಕೆ ಹೋದ ನಮ್ಮವರು ಮನೆ ಮಾಡಿಕೊಂಡಿರುವ ವಾಷಿಂಗ್ಟನ್ ಆಚೆಯ ಬಡಾವಣೆಗಳು. ಆ ಕೌಂಟಿಯಲ್ಲಿ ಹತ್ತಿರ ಹತ್ತಿರ 200 ಡೇಟಾ ಸೆಂಟರ್‌ಗಳಿವೆ. ಒಂದು ಕಡೆ ಸಾಲು ಮನೆಗಳು, ಮಕ್ಕಳ ಸೈಕಲ್. ರಸ್ತೆಯ ಇನ್ನೊಂದು ಕಡೆ ಕಿಟಕಿಯೇ ಇಲ್ಲದ ಬೂದು ಬಣ್ಣದ ಪೆಟ್ಟಿಗೆಯಂಥ ಕಟ್ಟಡ. ಅದರ ಮಗ್ಗುಲಲ್ಲಿ ಸಾಲಾಗಿ ನಿಂತ ಡೀಸೆಲ್ ಜನರೇಟರ್‌ಗಳು, ಮೇಲೆ ಹಗಲೂ ರಾತ್ರಿ ತಿರುಗುವ ಫ್ಯಾನ್‌ಗಳು. ದೊಡ್ಡ ಫ್ರಿಡ್ಜ್ ಒಂದು ಸದಾ ಗುಂಯ್ ಅನ್ನುತ್ತಿರುವ ಹಾಗೆ ಸದ್ದು. ವರ್ಜೀನಿಯಾ ರಾಜ್ಯ 2023ರಲ್ಲಿ ಬಳಸಿದ ಒಟ್ಟು ಕರೆಂಟಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಂಥ ಕಟ್ಟಡಗಳಿಗೇ ಹೋಯಿತು.

ಹಾಗಂತ ಲೌಡನ್‌ನವರು ಬರೀ ನಷ್ಟದಲ್ಲಿಲ್ಲ. ಸರ್ವರ್, ಚಿಪ್‌ಗಳ ಮೇಲೆ ಬರುವ ತೆರಿಗೆಯಿಂದ ಕೌಂಟಿಯ ಬೊಕ್ಕಸ ತುಂಬಿದೆ. ಮನೆಗಳ ಮೇಲಿನ ತೆರಿಗೆ ದರ ಹತ್ತು ವರ್ಷದಲ್ಲಿ ಚೆನ್ನಾಗಿಯೇ ಇಳಿದಿದೆ. ಶಾಲೆಗಳಿಗೆ ದುಡ್ಡಿದೆ. ಕೆಲಸಗಳ ವಿಷಯ ಮಾತ್ರ ಬೇರೆ. ಎರಡೂವರೆ ಲಕ್ಷ ಚದರಡಿಯ ಡೇಟಾ ಸೆಂಟರ್‌ನಲ್ಲಿ ಕಾಯಂ ಕೆಲಸ ಮಾಡುವವರು ಸುಮಾರು 50 ಜನ, ಅದರಲ್ಲೂ ಅರ್ಧ ಗುತ್ತಿಗೆಯವರು. ಇದು ವರ್ಜೀನಿಯಾ ಶಾಸನಸಭೆಯ ಸ್ವಂತ ಪರಿಶೋಧನಾ ಸಮಿತಿಯ ಲೆಕ್ಕ. ನಮ್ಮಲ್ಲಿ ಒಂದು ದೊಡ್ಡ ಕಲ್ಯಾಣ ಮಂಟಪದಲ್ಲಿ ಇದಕ್ಕಿಂತ ಜಾಸ್ತಿ ಜನ ಓಡಾಡುತ್ತಿರುತ್ತಾರೆ.

ಸರಿ, ಬಿಲ್ ಹೇಗೆ ಏರುತ್ತೆ? ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಅವರು ಕರೆಂಟ್ ಜಾಸ್ತಿ ಉರಿಸುತ್ತಾರೆ, ಅದಕ್ಕೇ ನಮ್ಮ ಬಿಲ್ ಜಾಸ್ತಿ ಅಂತ. ಅವರು ಉರಿಸಿದ ಯೂನಿಟ್ಟಿಗೆ ಅವರೇ ದುಡ್ಡು ಕೊಡುತ್ತಾರೆ. ತೊಂದರೆ ಯೂನಿಟ್‌ನಲ್ಲಿ ಇಲ್ಲ, ಅದಕ್ಕೂ ಮೊದಲು ಮಾಡಬೇಕಾದ ಖರ್ಚಿನಲ್ಲಿದೆ. ಹೊಸ ಸಬ್‌ಸ್ಟೇಷನ್, ಹೈಟೆನ್ಷನ್ ಲೈನ್, ಹೊಸ ವಿದ್ಯುತ್ ಸ್ಥಾವರ. ಇವನ್ನೆಲ್ಲ ಇಂದೇ ಕಟ್ಟಬೇಕು, ದುಡ್ಡು ಮುಂದಿನ 30-40 ವರ್ಷ ಎಲ್ಲ ಗ್ರಾಹಕರ ಬಿಲ್ಲಿನಲ್ಲಿ ಹಂಚಿ ವಾಪಸ್ ಬರಬೇಕು. ಅಮೆರಿಕದ ವಿದ್ಯುತ್ ಕಂಪನಿಗಳ ಲಾಭ ನಿಂತಿರುವುದೂ ಇದರ ಮೇಲೆಯೇ. ಹೂಡಿದ ಬಂಡವಾಳಕ್ಕೆ ಇಷ್ಟು ಅಂತ ಲಾಭ ತೆಗೆದುಕೊಳ್ಳಲು ಅವಕ್ಕೆ ಅನುಮತಿ ಇದೆ. ಜಾಸ್ತಿ ಕಟ್ಟಿದಷ್ಟೂ ಜಾಸ್ತಿ ಲಾಭ. ಹಾಗಾಗಿ "ಇಷ್ಟೆಲ್ಲ ಬೇಕಾ?" ಅಂತ ಕೇಳುವ ಆಸಕ್ತಿ ಕಂಪನಿಗೂ ಇರುವುದಿಲ್ಲ, ಕರೆಂಟ್ ಕೇಳುವ ಡೇಟಾ ಸೆಂಟರ್‌ಗೂ ಇರುವುದಿಲ್ಲ.

ಈ ಹಂಚಿಕೆ ಎಷ್ಟು ಸದ್ದಿಲ್ಲದೆ ನಡೆಯುತ್ತೆ ನೋಡಿ. ವರ್ಜೀನಿಯಾ, ಓಹಿಯೋ, ಪೆನ್ಸಿಲ್ವೇನಿಯಾ ಸೇರಿದಂತೆ ಏಳು ರಾಜ್ಯಗಳಲ್ಲಿ, ಬರೀ ಡೇಟಾ ಸೆಂಟರ್‌ಗಳನ್ನು ಗ್ರಿಡ್‌ಗೆ ಜೋಡಿಸುವ ಕೆಲಸಕ್ಕೆ 2024ರಲ್ಲಿ ಆದ 430 ಕೋಟಿ ಡಾಲರ್‌ಗೂ ಮೀರಿದ ಖರ್ಚು ಎಲ್ಲ ಗ್ರಾಹಕರ ತಲೆಗೆ ಹೋಯಿತು. ಇದನ್ನು ಹುಡುಕಿ ತೆಗೆದದ್ದು ಯೂನಿಯನ್ ಆಫ್ ಕನ್ಸರ್ನ್ಡ್ ಸೈಂಟಿಸ್ಟ್ಸ್ ಸಂಸ್ಥೆ. ಯಾರೂ ಕಾನೂನು ಮುರಿದಿಲ್ಲ. ಆ ಲೈನ್‌ಗಳು ಎಲ್ಲರ ಉಪಯೋಗದವು ಅನ್ನುವ ಖಾತೆಗೆ ಬರೆಯಲ್ಪಟ್ಟಿದ್ದವು, ಅಷ್ಟೇ.

ಎರಡನೇ ದಾರಿ ಇನ್ನೂ ದೊಡ್ಡದು. ಅಮೆರಿಕದ 13 ರಾಜ್ಯಗಳು ಮತ್ತು ರಾಜಧಾನಿಗೆ ಸೇರಿ ಪಿಜೆಎಂ ಅನ್ನುವ ಒಂದು ಗ್ರಿಡ್ ನಿರ್ವಾಹಕ ಸಂಸ್ಥೆ ಇದೆ. ಆರೂವರೆ ಕೋಟಿಗೂ ಹೆಚ್ಚು ಜನರಿಗೆ ಕರೆಂಟ್. ಕಡುಬೇಸಿಗೆಯ ಸಂಜೆ ಎಲ್ಲರೂ ಎಸಿ ಹಾಕಿದಾಗಲೂ ಕರೆಂಟ್ ಸಾಲಬೇಕಲ್ಲ, ಅದಕ್ಕೆ ಪಿಜೆಎಂ ಮುಂಚಿತವಾಗಿ ಹರಾಜು ನಡೆಸುತ್ತದೆ. ವಿದ್ಯುತ್ ಸ್ಥಾವರಗಳಿಗೆ "ಕರೆದಾಗ ಬರಲು ಸಿದ್ಧವಾಗಿರಿ" ಅಂತ ಕೊಡುವ ದುಡ್ಡು ಅದು. ಬಡಿಸುವ ಹುಡುಗರನ್ನು ಸುಮ್ನೆ ನಿಲ್ಲಿಸಿಕೊಂಡಿರುವುದಕ್ಕೂ ಕೂಲಿ ಕೊಡಬೇಕಲ್ವಾ, ಹಾಗೆ. 2024-25ಕ್ಕೆ ಆ ಕೂಲಿ ಒಂದು ಮೆಗಾವ್ಯಾಟ್‌ಗೆ ದಿನಕ್ಕೆ 28.92 ಡಾಲರ್ ಇತ್ತು. ಮರುವರ್ಷಕ್ಕೆ 269.92 ಡಾಲರ್. ಒಟ್ಟು ಮೊತ್ತ 220 ಕೋಟಿ ಡಾಲರ್‌ನಿಂದ 1,470 ಕೋಟಿಗೆ ಜಿಗಿಯಿತು.

ಪೆನ್ಸಿಲ್ವೇನಿಯಾ ಗವರ್ನರ್ ಜೋಶ್ ಶಪೀರೋ ಕೇಂದ್ರದ ನಿಯಂತ್ರಕರಿಗೆ ದೂರು ಕೊಟ್ಟ ಮೇಲೆ ಹರಾಜಿಗೆ ಒಂದು ಮೇಲ್ಮಿತಿ ಹಾಕಿದರು. ನಂತರದ ಎರಡೂ ಹರಾಜುಗಳು ನೇರ ಹೋಗಿ ಆ ಮಿತಿಗೇ ತಲೆ ತಾಗಿಸಿ ನಿಂತವು: 329.17 ಡಾಲರ್, ಆಮೇಲೆ 333.44 ಡಾಲರ್. ಪಿಜೆಎಂ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸ್ವತಂತ್ರ ಸಂಸ್ಥೆಯ ಲೆಕ್ಕದಂತೆ, ಈ ಮೂರು ಹರಾಜುಗಳ ವೆಚ್ಚದಲ್ಲಿ ಸುಮಾರು 2,310 ಕೋಟಿ ಡಾಲರ್‌ಗೆ ಕಾರಣ ಡೇಟಾ ಸೆಂಟರ್‌ಗಳ ಬೇಡಿಕೆ. ಅಂದರೆ ಹತ್ತಿರ ಹತ್ತಿರ ಅರ್ಧ. ಇದರಲ್ಲಿ ಈಗಾಗಲೇ ಕಟ್ಟಿದ ಸೆಂಟರ್‌ಗಳಷ್ಟೇ ಅಲ್ಲ, ಮುಂದೆ ಕಟ್ಟುತ್ತೇವೆ ಅಂತ ಹೇಳಿಕೊಂಡ ಸೆಂಟರ್‌ಗಳ ಬೇಡಿಕೆಯೂ ಸೇರಿದೆ. ಎಲೆ ಹಾಕಿಲ್ಲ, ಅಕ್ಕಿ ಬೆಲೆ ಆಗಲೇ ಏರಿದೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಲೈನ್‌ಗಳು ಮೊದಲೇ ಖಾಲಿ ಬಿದ್ದಿದ್ದರೆ ದೊಡ್ಡ ಗಿರಾಕಿ ಬಂದದ್ದು ಎಲ್ಲರಿಗೂ ಲಾಭ. ಹಳೆಯ ಖರ್ಚನ್ನು ಹಂಚಿಕೊಳ್ಳಲು ಇನ್ನೊಬ್ಬ ಸಿಕ್ಕ ಹಾಗೆ. ನಾರ್ತ್ ಡಕೋಟಾದಲ್ಲಿ 2019ರಿಂದ 2024ರೊಳಗೆ ಬೇಡಿಕೆ ಸುಮಾರು 40% ಏರಿತು, ಹಣದುಬ್ಬರ ಕಳೆದರೆ ಕರೆಂಟ್ ದರ ಇಳಿಯಿತು. ಇದು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಧ್ಯಯನ. ಅಮೆರಿಕದ ಬಿಲ್ಲುಗಳು ಏರಲು ಹಳೇ ಕಂಬ-ತಂತಿ ಬದಲಾಯಿಸುವ ಖರ್ಚು, ಬಿರುಗಾಳಿ, ಕಾಡ್ಗಿಚ್ಚು, ಗ್ಯಾಸ್ ಬೆಲೆ ಇವೆಲ್ಲವೂ ಕಾರಣ. ವರ್ಜೀನಿಯಾದ ಅದೇ ಪರಿಶೋಧನಾ ಸಮಿತಿ 2024ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಅದನ್ನೇ: ಇಲ್ಲಿಯವರೆಗೆ ಡೇಟಾ ಸೆಂಟರ್‌ಗಳು ತಮ್ಮ ಪಾಲು ಕೊಟ್ಟಿವೆ. ಆದರೆ ಮುಂದೆ ಕಟ್ಟಬೇಕಾದ್ದು ಎಷ್ಟಿದೆ ಅಂದರೆ, 2040ರ ಹೊತ್ತಿಗೆ ಸಾಮಾನ್ಯ ಮನೆಯೊಂದರ ಬಿಲ್ ತಿಂಗಳಿಗೆ 14ರಿಂದ 37 ಡಾಲರ್ ಜಾಸ್ತಿಯಾಗಬಹುದು. ಖಾಲಿ ಬಸ್ಸಿಗೆ ಒಬ್ಬ ಹತ್ತಿದರೆ ಲಾಭ, ತುಂಬಿದ ಬಸ್ಸಿಗೆ ಹತ್ತಿದರೆ ಇನ್ನೊಂದು ಬಸ್ ಬಿಡಬೇಕು. ಪಿಜೆಎಂ ಈಗ ತುಂಬಿದ ಬಸ್ಸು.

ಇನ್ನು ಕಾಯಿದೆಗಳಿಗೆ ಬರೋಣ. ನನ್ನ ಪ್ರಕಾರ ಇದರಲ್ಲಿ ಅತ್ಯಂತ ಸ್ವಾರಸ್ಯದ್ದು ಓಹಿಯೋದ ಕಥೆ.

ಕೊಲಂಬಸ್ ನಗರದ ಸುತ್ತ ಡೇಟಾ ಸೆಂಟರ್‌ಗಳಿಗಾಗಿ ಎಇಪಿ ಓಹಿಯೋ ಅನ್ನುವ ವಿದ್ಯುತ್ ಕಂಪನಿಗೆ ಬಂದಿದ್ದ ಬೇಡಿಕೆ 30,000 ಮೆಗಾವ್ಯಾಟ್. ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದ ಪೂರ್ತಿ ಸಾಮರ್ಥ್ಯ 1,720 ಮೆಗಾವ್ಯಾಟ್. ಅಂಥವು ಹದಿನೇಳು ಬೇಕು! ಕಂಪನಿ ಗಾಬರಿಯಾಗಿ ಹೊಸ ಜೋಡಣೆಗಳನ್ನೇ ನಿಲ್ಲಿಸಿ, ಬೇರೆ ದರಪಟ್ಟಿ ಕೊಡಿ ಅಂತ ರಾಜ್ಯದ ಆಯೋಗದ ಮುಂದೆ ಹೋಯಿತು. 2025ರ ಜುಲೈನಲ್ಲಿ ಆಯೋಗ ಒಪ್ಪಿಗೆ ಕೊಟ್ಟಿತು. ನಿಯಮ ಸರಳ. 25 ಮೆಗಾವ್ಯಾಟ್‌ಗಿಂತ ದೊಡ್ಡ ಹೊಸ ಡೇಟಾ ಸೆಂಟರ್, ತಾನು ಎಷ್ಟು ಬೇಕು ಅಂತ ಹೇಳಿತ್ತೋ ಅದರ 85%ಗೆ ದುಡ್ಡು ಕಟ್ಟಲೇಬೇಕು. ಬಳಸಿದರೂ ಕಟ್ಟಬೇಕು, ಬಳಸದಿದ್ದರೂ ಕಟ್ಟಬೇಕು, 12 ವರ್ಷದವರೆಗೆ. ನಡುವೆ ಕೈಬಿಟ್ಟು ಹೊರಟರೆ ದಂಡ. ದುಡ್ಡು ಕೊಡುವ ತಾಕತ್ತಿದೆ ಅಂತ ಮೊದಲೇ ತೋರಿಸಬೇಕು.

ಅಂದರೆ, ಎಲೆ ಲೆಕ್ಕ.

ಆಮೇಲೆ ಏನಾಯಿತು ಗೊತ್ತೇ? 30,000 ಮೆಗಾವ್ಯಾಟ್‌ನ ಬೇಡಿಕೆ ಸುಮಾರು 13,000ಕ್ಕೆ ಕುಸಿಯಿತು. ಯಾರೂ ಯಾರನ್ನೂ ಓಡಿಸಲಿಲ್ಲ. "ನೀವು ಹೇಳಿದ್ದಕ್ಕೆ ನೀವೇ ದುಡ್ಡು ಕೊಡಿ" ಅಂದದ್ದಕ್ಕೇ ಅರ್ಧಕ್ಕಿಂತ ಜಾಸ್ತಿ ಎಲೆಗಳು ಮಾಯ! ಜಮೀನು ಹಿಡಿದಿಟ್ಟುಕೊಂಡು, ಕರೆಂಟ್ ಮಂಜೂರಾತಿ ಪತ್ರ ಸಿಕ್ಕರೆ ದೊಡ್ಡ ಕಂಪನಿಗೆ ಮಾರೋಣ ಅಂತ ಕಾಯುವವರ ದಂಧೆ ದೊಡ್ಡದಿದೆ. ಒಂದೇ ಯೋಜನೆಗೆ ಮೂರ್ನಾಲ್ಕು ರಾಜ್ಯಗಳಲ್ಲಿ ಅರ್ಜಿ ಹಾಕುವವರೂ ಇದ್ದಾರೆ. ಸೈಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮೇಲೆಯೇ ಕೈ ಬದಲಾಯಿಸುವ ನಮ್ಮೂರ ಬ್ರೋಕರ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೆಕ್ಸಾಸ್ 2025ರಲ್ಲಿ ಮಾಡಿದ ಕಾಯಿದೆಯಲ್ಲಿ ಇದಕ್ಕೆಂದೇ ಒಂದು ಷರತ್ತಿದೆ. 75 ಮೆಗಾವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಕೇಳುವವರು ಆ ರಾಜ್ಯದೊಳಗೆ ಬೇರೆಲ್ಲಾದರೂ ಇಂಥದ್ದೇ ಅರ್ಜಿ ಹಾಕಿದ್ದಾರಾ ಅಂತ ಬಾಯಿಬಿಡಬೇಕು. ಗ್ರಿಡ್ ಕುಸಿಯುವ ಹಂತಕ್ಕೆ ಬಂದರೆ ಮೊದಲು ಹೊಸ ದೊಡ್ಡ ಗಿರಾಕಿಗಳ ಕರೆಂಟ್ ತೆಗೆಯಬಹುದು ಅಂತಲೂ ಅದರಲ್ಲಿದೆ.

ವರ್ಜೀನಿಯಾ 2025ರ ನವೆಂಬರ್‌ನಲ್ಲಿ ಇದೇ ದಾರಿ ಹಿಡಿಯಿತು. 25 ಮೆಗಾವ್ಯಾಟ್ ಮೇಲಿನವರಿಗೆ ಜಿಎಸ್-5 ಅನ್ನುವ ಬೇರೆಯೇ ವರ್ಗ, 14 ವರ್ಷದ ಕರಾರು. ಲೈನ್‌ಗಳ ಖರ್ಚಿನಲ್ಲಿ 85%, ಉತ್ಪಾದನೆಯ ಖರ್ಚಿನಲ್ಲಿ 60% ಕನಿಷ್ಠ ಪಾವತಿ. ಜಾರಿ 2027ರಿಂದ. ತಮಾಷೆ ಏನಂದರೆ, ಅದೇ ಆದೇಶದಲ್ಲಿ ಮನೆಗಳ ಬಿಲ್ಲನ್ನೂ ಏರಿಸಿದರು. ತಿಂಗಳಿಗೆ 1,000 ಯೂನಿಟ್ ಬಳಸುವ ಮನೆಗೆ 2026ರಲ್ಲಿ 11 ಡಾಲರ್ ಚಿಲ್ಲರೆ ಜಾಸ್ತಿ. ಬಾಗಿಲು ಹಾಕಿದರು, ಆದರೆ ಒಳಗೆ ಬಂದವರು ಆಗಲೇ ಬಂದಾಗಿತ್ತು. ಒರೆಗಾನ್ ರಾಜ್ಯವೂ 2025ರಲ್ಲಿ ಡೇಟಾ ಸೆಂಟರ್‌ಗಳಿಗೆ ಬೇರೆ ವರ್ಗ ಮಾಡಿದೆ.

ಈ ನಿಯಮಗಳಲ್ಲಿ ತೂತುಗಳಿಲ್ಲವೇ? ಇವೆ, ದೊಡ್ಡವೇ ಇವೆ. ಟ್ರಾನ್ಸ್‌ಮಿಷನ್ ಲೈನ್ ನಲವತ್ತು ವರ್ಷ ನಿಲ್ಲುತ್ತೆ, ಕರಾರು 12 ಅಥವಾ 14 ವರ್ಷ. ಎಐ ಹುಚ್ಚು ಇಳಿದು ಕಂಪನಿ ಗಂಟುಮೂಟೆ ಕಟ್ಟಿದರೆ ಉಳಿದ 26-28 ವರ್ಷದ ಕಂತು ಯಾರದ್ದು? ಎರಡನೆಯದು ಇನ್ನೂ ಕಷ್ಟದ್ದು. ಓಹಿಯೋ ತನ್ನ ತಂತಿಗಳ ಖರ್ಚಿಗೆ ಬೇಲಿ ಹಾಕಬಹುದು, ಆದರೆ ಪಿಜೆಎಂ ಹರಾಜಿನ ಬೆಲೆ 13 ರಾಜ್ಯಗಳಿಗೂ ಸೇರಿದ್ದು. ಲೌಡನ್‌ನಲ್ಲಿ ಸರ್ವರ್ ಬಿಸಿಯಾದರೆ ಪೆನ್ಸಿಲ್ವೇನಿಯಾದ ಹಳ್ಳಿಯ ಮುದುಕಿಯ ಬಿಲ್ಲೂ ಏರುತ್ತೆ. ಅವಳಿಗೆ ಲೌಡನ್‌ನ ತೆರಿಗೆಯಲ್ಲಿ ನಯಾಪೈಸೆ ಇಲ್ಲ. ಅದಕ್ಕೇ 2026ರ ಜನವರಿಯಲ್ಲಿ ಶ್ವೇತಭವನ ಮತ್ತು ಆ ಭಾಗದ ಗವರ್ನರ್‌ಗಳು ಪಕ್ಷಭೇದ ಬಿಟ್ಟು ಒಟ್ಟಿಗೆ ನಿಂತು, ಹೊಸ ಸ್ಥಾವರಗಳ ಖರ್ಚನ್ನು ಡೇಟಾ ಸೆಂಟರ್‌ಗಳೇ ಹೊರುವಂಥ ಬೇರೆ ಹರಾಜು ನಡೆಸಿ ಅಂತ ಪಿಜೆಎಂಗೆ ಹೇಳಿದ್ದು. ಅಮೆರಿಕದ ಈಗಿನ ರಾಜಕೀಯದಲ್ಲಿ ಅವರಿಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕುವುದು ಅಪರೂಪ. ಅದಕ್ಕೂ ಎರಡು ತಿಂಗಳ ಹಿಂದೆ ಜಾರ್ಜಿಯಾದಲ್ಲಿ ವಿದ್ಯುತ್ ದರ ನಿಗದಿ ಮಾಡುವ ಆಯೋಗದ ಎರಡು ಸೀಟಿಗೆ ಚುನಾವಣೆ ನಡೆದಿತ್ತು. ಅಲ್ಲಿ ಆಯೋಗದ ಸದಸ್ಯರನ್ನು ಜನರೇ ಆರಿಸುತ್ತಾರೆ. ಬಿಲ್ ಏರಿಕೆಯೇ ಮುಖ್ಯ ವಿಷಯವಾಗಿ, ಎರಡೂ ಸೀಟಿನಲ್ಲಿ ಕುಳಿತಿದ್ದವರು ಸೋತರು.

ಬಿಲ್ಲಿನಲ್ಲಿ ಕಾಣದ ಲೆಕ್ಕಗಳೂ ಇವೆ. ಮೇರಿಲ್ಯಾಂಡ್‌ನಲ್ಲಿ ಸುಮಾರು 67 ಮೈಲಿ ಉದ್ದದ 500 ಕೆವಿ ಲೈನ್ ಒಂದನ್ನು ಹೊಲಗಳ ಮೇಲೆ ಎಳೆಯಲು ಹೊರಟಿದ್ದಾರೆ. ರೈತರು ಸರ್ವೆ ಮಾಡುವವರನ್ನು ಗೇಟಿನಲ್ಲೇ ತಡೆದು, ವಿಷಯ ಕೋರ್ಟಿಗೆ ಹೋಗಿದೆ. ತೋಟದ ಮೇಲೆ ಹೈಟೆನ್ಷನ್ ಲೈನ್ ಬಂದಾಗಿನ ಸಂಕಟ ತುಮಕೂರು ಕಡೆಯ ರೈತರಿಗೂ ಗೊತ್ತು. ಟೆನೆಸ್ಸೀಯ ಮೆಂಫಿಸ್‌ನಲ್ಲಿ ಕಥೆ ಇನ್ನೊಂದು ಥರ. ಇಲಾನ್ ಮಸ್ಕ್‌ರ ಎಐ ಕಂಪನಿ ಎಕ್ಸ್‌ಎಐ, ತನ್ನ ಡೇಟಾ ಸೆಂಟರ್‌ಗೆ ಗ್ರಿಡ್ ಕರೆಂಟ್ ಬರಲಿ ಅಂತ ಕಾಯದೆ, ಅನುಮತಿ ಕೈಗೆ ಬರುವ ಮೊದಲೇ ಗ್ಯಾಸ್ ಟರ್ಬೈನ್‌ಗಳನ್ನು ತಂದು ನಿಲ್ಲಿಸಿ ಓಡಿಸಿತು. ಹತ್ತಿರದಲ್ಲೇ ಇರುವುದು ಬಾಕ್ಸ್‌ಟೌನ್, ಮೊದಲೇ ಕಾರ್ಖಾನೆ ಹೊಗೆ ಕುಡಿದು ಸಾಕಾಗಿದ್ದ ಕಪ್ಪು ಜನರ ಹಳೇ ಬಡಾವಣೆ. 15 ಟರ್ಬೈನ್‌ಗಳಿಗೆ ಪರ್ಮಿಟ್ ಸಿಕ್ಕಿದ್ದು 2025ರ ಜುಲೈನಲ್ಲಿ. ಸ್ವಂತ ಕರೆಂಟ್ ಮಾಡಿಕೊಳ್ಳಲಿ ಬಿಡಿ ಅನ್ನುವ ಸಲಹೆ ಕೇಳಲು ಚೆನ್ನಾಗಿರುತ್ತೆ. ಬಿಲ್ ಉಳಿಯುತ್ತೆ, ಹೊಗೆ ಪಕ್ಕದ ಮನೆಗೆ.

ನೀರಿನ ವಿಷಯದಲ್ಲಂತೂ ಮುಖ್ಯ ಸಮಸ್ಯೆ ಗುಟ್ಟು. ಒರೆಗಾನ್‌ನ ದಿ ಡಾಲ್ಸ್ ಅನ್ನುವ ಪುಟ್ಟ ಊರಿನಲ್ಲಿ ಗೂಗಲ್ ಎಷ್ಟು ನೀರು ಬಳಸುತ್ತೆ ಅಂತ ಒಂದು ಪತ್ರಿಕೆ ಕೇಳಿತು. ಊರಿನ ಆಡಳಿತ ಉತ್ತರ ಕೊಡುವ ಬದಲು, ಇದು ವ್ಯಾಪಾರದ ಗುಟ್ಟು ಅಂತ ಕೋರ್ಟಿಗೆ ಹೋಯಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಲೆಕ್ಕ ಹೊರಗೆ ಬಂತು: ಊರಿನ ಒಟ್ಟು ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಊರಿನವರ ನೀರಿನ ಲೆಕ್ಕ ಊರಿನವರಿಗೇ ಗುಟ್ಟು!

ಐರ್ಲೆಂಡ್ ಇದನ್ನೆಲ್ಲ ಅಮೆರಿಕಕ್ಕಿಂತ ಮೊದಲೇ ಕಂಡಿತು. ಆ ದೇಶದ ಕರೆಂಟಿನಲ್ಲಿ ಡೇಟಾ ಸೆಂಟರ್‌ಗಳ ಪಾಲು 2015ರಲ್ಲಿ 5% ಇದ್ದದ್ದು 2023ರಲ್ಲಿ 21% ಆಯಿತು. ದೇಶದ ಎಲ್ಲ ಪೇಟೆಗಳ ಮನೆಗಳೂ ಸೇರಿ ಬಳಸಿದ್ದು 18%. ಡಬ್ಲಿನ್ ಸುತ್ತ ಹೊಸ ಜೋಡಣೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. 2025ರ ಡಿಸೆಂಬರ್‌ನ ಹೊಸ ನಿಯಮದ ಪ್ರಕಾರ, ಬರುವವರು ತಮ್ಮ ಬೇಡಿಕೆಗೆ ತಕ್ಕ ಉತ್ಪಾದನೆ ಅಥವಾ ಬ್ಯಾಟರಿಯನ್ನು ಜೊತೆಗೇ ತರಬೇಕು.

ನಮ್ಮ ಕಡೆಗೂ ಒಮ್ಮೆ ತಿರುಗೋಣ. ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ಹೂಡುತ್ತೇವೆ ಅಂತ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಆಂಧ್ರ ಸರ್ಕಾರ ಅದಕ್ಕೆ 22,000 ಕೋಟಿ ರೂಪಾಯಿಯ ರಿಯಾಯಿತಿ ಕೊಟ್ಟಿದೆ, ನೆಲ, ನೀರು, ಕರೆಂಟ್ ಎಲ್ಲದರಲ್ಲೂ, ಅಂತ ನಮ್ಮ ಐಟಿ ಸಚಿವ ಪ್ರಿಯಾಂಕ್ ಖರ್ಗೆ ಟೀಕಿಸಿದರು. ಆಂಧ್ರದ ಊಟ ಖಾರ ಅಂತಾರೆ, ನಮ್ಮ ಹೂಡಿಕೆಯೂ ಪಕ್ಕದವರಿಗೆ ಖಾರವಾಗಿದೆ ಅನ್ನುವ ಧಾಟಿಯಲ್ಲಿ ಆಂಧ್ರದ ಐಟಿ ಸಚಿವ ನಾರಾ ಲೋಕೇಶ್ ತಿರುಗೇಟು ಕೊಟ್ಟರು. ಸೋಶಿಯಲ್ ಮೀಡಿಯಾದಲ್ಲಿ ಖಾರದ ಜೋಕೇ ಓಡಾಡಿತು. ಖರ್ಗೆ ಎತ್ತಿದ ಪ್ರಶ್ನೆ ಅಷ್ಟು ದೂರ ಹೋಗಲಿಲ್ಲ.

ಆದರೆ ಅಮೆರಿಕದ ಲೆಕ್ಕವನ್ನು ಹಾಗೇ ಇಲ್ಲಿಗೆ ತಂದು ಹಚ್ಚಿದರೆ ತಪ್ಪಾಗುತ್ತೆ, ಯಾಕೆಂದರೆ ನಮ್ಮ ದರಪಟ್ಟಿ ಮೊದಲಿಂದ ಉಲ್ಟಾ. ಇಲ್ಲಿ ಕಾರ್ಖಾನೆ, ಅಂಗಡಿ, ಆಫೀಸುಗಳು ಜಾಸ್ತಿ ದರ ಕೊಡುತ್ತವೆ. ಮನೆಗಳ ಮತ್ತು ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಹೊರೆಯಲ್ಲಿ ಒಂದು ಪಾಲು ಆ ದುಡ್ಡಿನಿಂದ ಇಳಿಯುತ್ತೆ. ಹಾಗಾಗಿ ಪೂರ್ತಿ ದರ ಕೊಡುವ ಡೇಟಾ ಸೆಂಟರ್ ಎಸ್ಕಾಂಗಳಿಗೆ ಒಳ್ಳೆಯ ಗಿರಾಕಿ. ಆದರೆ ದೊಡ್ಡ ಗ್ರಾಹಕರು ಓಪನ್ ಆಕ್ಸೆಸ್‌ನಲ್ಲಿ ಹೊರಗಿನಿಂದ ನೇರವಾಗಿ ಸೋಲಾರ್, ಗಾಳಿ ಕರೆಂಟ್ ಕೊಳ್ಳಬಹುದು. ಹಾಗೆ ಕೊಂಡರೆ ಎಸ್ಕಾಂಗೆ ಕಟ್ಟಬೇಕಾದ್ದು ತಂತಿ ಬಾಡಿಗೆ ಮತ್ತು ಕ್ರಾಸ್ ಸಬ್ಸಿಡಿ ಸರ್ಚಾರ್ಜ್, ಅಂದರೆ ಮನೆ, ಪಂಪ್‌ಸೆಟ್‌ಗಳ ಹೊರೆ ಇಳಿಸುತ್ತಿದ್ದ ಆ ಪಾಲಿಗೆ ಬದಲಾಗಿ ಕಟ್ಟುವ ಶುಲ್ಕ. ಹೂಡಿಕೆ ಸೆಳೆಯುವ ಹುಮ್ಮಸ್ಸಿನಲ್ಲಿ ಸರ್ಕಾರಗಳು ಮನ್ನಾ ಮಾಡಲು ಹೊರಡುವುದು ಇಂಥ ಶುಲ್ಕಗಳನ್ನೇ. ಅಮೆರಿಕದಲ್ಲಿ ಹೊಸ ಖರ್ಚು ಮನೆಯವರ ತಲೆಗೆ ಬರುತ್ತಿದೆ. ನಮ್ಮಲ್ಲಿ ಬರುತ್ತಿದ್ದ ದುಡ್ಡು ನಿಂತುಹೋಗಬಹುದು.

ಅದು ಬಿಲ್ಲಿಗೆ ಹೇಗೆ ಇಳಿಯುತ್ತೆ ಅನ್ನುವುದನ್ನು ನೋಡಲು ದೂರ ಹೋಗಬೇಕಿಲ್ಲ. 2025ರ ಏಪ್ರಿಲ್‌ನಿಂದ ನಮ್ಮ ಕರೆಂಟ್ ಬಿಲ್ಲಿನಲ್ಲಿ ಪಿ ಅಂಡ್ ಜಿ ಸರ್ಚಾರ್ಜ್ ಅನ್ನುವ ಹೊಸ ಸಾಲು ಸೇರಿತು. ಮೊದಲ ವರ್ಷಕ್ಕೆ ಯೂನಿಟ್ಟಿಗೆ 36 ಪೈಸೆ. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಸರ್ಕಾರ ಭರಿಸಬೇಕಿದ್ದ ಪಾಲು, ವರ್ಷಗಟ್ಟಲೆ ವ್ಯಾಜ್ಯ ನಡೆದು ಕೊನೆಗೆ ಬಂದು ಕೂತದ್ದು ಗ್ರಾಹಕರ ಹೆಗಲ ಮೇಲೆ. ಡೇಟಾ ಸೆಂಟರ್‌ಗೂ ಇದಕ್ಕೂ ಸಂಬಂಧ ಇಲ್ಲ. ಯಾರೋ ಎಂದೋ ಒಪ್ಪಿಕೊಂಡ ಖರ್ಚು ಎಷ್ಟು ವರ್ಷ ಆದ ಮೇಲೂ ಮನೆ ಬಾಗಿಲಿಗೆ ಬರಬಹುದು ಅನ್ನುವುದಕ್ಕೆ ಹೇಳಿದೆ.

ಡೇಟಾ ಸೆಂಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ನೀವು ಇದನ್ನು ಓದುತ್ತಿರುವುದೂ ಅಂಥದ್ದೊಂದರ ಕೃಪೆಯಿಂದಲೇ. ಕರ್ನಾಟಕದ ಈಗಿನ ಡೇಟಾ ಸೆಂಟರ್ ನೀತಿ 2022ರಿಂದ 2027ರವರೆಗಿನದು. ಮುಂದಿನದರ ಕರಡು ಬಂದಾಗ ಎಷ್ಟು ಸಾವಿರ ಕೋಟಿ ಹೂಡಿಕೆ ಅನ್ನುವ ಅಂಕಿ ಮೊದಲ ಪುಟದಲ್ಲೇ ಇರುತ್ತೆ. ನಾನು ಹುಡುಕುವುದು ಬೇರೆ ಮೂರು: ಕೇಳಿದ ಮೆಗಾವ್ಯಾಟ್‌ಗೆ ಕನಿಷ್ಠ ಪಾವತಿ ಎಷ್ಟು, ಎಷ್ಟು ವರ್ಷಕ್ಕೆ, ನೀರಿನ ಲೆಕ್ಕ ಯಾರು ಬೇಕಾದರೂ ನೋಡಬಹುದೇ. ನಮ್ಮಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ, ದರ ಪರಿಷ್ಕರಣೆಗೆ ಮೊದಲು ಪ್ರತಿ ಸಲ ಸಾರ್ವಜನಿಕ ವಿಚಾರಣೆ ನಡೆಸುತ್ತೆ. ಅಲ್ಲಿ ಎಸ್ಕಾಂಗಳು ಮುಂದಿನ ವರ್ಷದ ಬೇಡಿಕೆಯ ಅಂದಾಜು ಕೊಡುತ್ತವೆ. ಡೇಟಾ ಸೆಂಟರ್‌ಗಳು ಹೇಳಿದ ಎಲೆ ಎಷ್ಟು, ಅಡ್ವಾನ್ಸ್ ಕೊಟ್ಟಿರುವುದು ಎಷ್ಟು ಎಲೆಗೆ ಅಂತ ಕೇಳಲು ಅಲ್ಲಿ ಅವಕಾಶವಿದೆ.